ಗುಡ್ಡದಂಚಿನ ಊರುಗಳಲ್ಲಿ ಕರಡಿ: ಪಂಚಾಯಿತಿಯ ಹೊಣೆ

(ಗ್ರಾಮ ಪಂಚಾಯಿತಿ ಸದಸ್ಯರ ತಾಲ್ಲೂಕು ಮಟ್ಟದ ತರಬೇತಿಯಲ್ಲಿ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯೊಬ್ಬರು ನೀಡಿದ ಉಪನ್ಯಾಸದ ಪಠ್ಯ. ಸದಸ್ಯರ ಕೋರಿಕೆಯ ಮೇರೆಗೆ ಇಲ್ಲಿ ಪ್ರಕಟಿಸಲಾಗಿದೆ.)



ಶಿವಪೂಜೆಯಲ್ಲಿ ಕರಡಿ ಬಿಟ್ಟಂತೆ ಎಂಬ ಗಾದೆಯನ್ನು ನಾವೆಲ್ಲರೂ ಬಾಲ್ಯದಿಂದ ಕೇಳಿದ್ದೇವೆ. ಗುಡ್ಡದ ಮಗ್ಗುಲಿನ ಗುಡಿಗಳಿರುವ ಊರುಗಳ ಸದಸ್ಯರಿಗೆ ಅದು ಗಾದೆಯಾಗಿ ಉಳಿದಿಲ್ಲ, ಬೆಳಗಿನ ವರದಿಯಾಗಿದೆ. ರಾತ್ರಿ ಹಚ್ಚಿಟ್ಟ ದೀಪದ ಎಣ್ಣೆಯನ್ನು ಕುಡಿದು, ಒಡೆದ ತೆಂಗಿನಕಾಯಿಯ ಹೋಳುಗಳನ್ನು ತಿಂದು, ಬಾಗಿಲನ್ನು ಕಿತ್ತು ಹೋಗಿರುವ ಕರಡಿಯ ಸುದ್ದಿಯನ್ನು ಅರ್ಚಕರು ಪಂಚಾಯಿತಿ ಕಚೇರಿಗೆ ತಂದು ಒಪ್ಪಿಸುತ್ತಾರೆ. ಆಗ ನಾವು ಸಾಮಾನ್ಯವಾಗಿ ಹೇಳುವ ಮಾತು ಒಂದೇ: ಅದು ಅರಣ್ಯ ಇಲಾಖೆಯ ವಿಷಯ, ಅವರಿಗೆ ಅರ್ಜಿ ಕೊಡಿ. ನಾನೂ ಹಲವು ವರ್ಷ ಹಾಗೆಯೇ ಹೇಳಿದ್ದೇನೆ. ಆ ಉತ್ತರ ಏಕೆ ಅರ್ಧ ಮಾತ್ರ ಸರಿ ಎಂಬುದನ್ನು ನನ್ನದೇ ಒಂದು ತಪ್ಪಿನಿಂದ ಆರಂಭಿಸುತ್ತೇನೆ.

ನಾನು ಸೇವೆಗೆ ಸೇರಿದ ಆರಂಭದ ದಿನಗಳು. ನಾನು ಕೆಲಸ ಮಾಡುತ್ತಿದ್ದ ಪಂಚಾಯಿತಿಗೆ ಘನತ್ಯಾಜ್ಯ ವಿಲೇವಾರಿಗೆ ಸ್ಥಳ ಬೇಕಾಗಿತ್ತು. ಊರಿನಿಂದ ದೂರವಿರುವ, ಯಾರ ತಕರಾರೂ ಇಲ್ಲದ ಸರ್ಕಾರಿ ಜಾಗವನ್ನು ಗುಡ್ಡದ ಬುಡದಲ್ಲಿ ಗುರುತಿಸಿದೆ. ನಾನು ಓದಿದ್ದು ಸಿವಿಲ್ ಎಂಜಿನಿಯರಿಂಗ್. ಆದ್ದರಿಂದ ಇಳಿಜಾರು ನೋಡಿದೆ, ಮಳೆನೀರು ಹರಿಯುವ ದಿಕ್ಕನ್ನು ನೋಡಿದೆ, ಕುಡಿಯುವ ನೀರಿನ ಕೊಳವೆಬಾವಿಗೆ ಇರುವ ಅಂತರವನ್ನು ಟೇಪು ಹಿಡಿದು ಅಳೆದೆ. ಗುಡ್ಡದ ಬಂಡೆಗಳ ನಡುವೆ ಏನು ವಾಸವಾಗಿದೆ, ಅದು ಸಂಜೆ ಯಾವ ದಾರಿಯಲ್ಲಿ ಇಳಿದು ಬರುತ್ತದೆ ಎಂಬುದನ್ನು ಮಾತ್ರ ಯಾರನ್ನೂ ಕೇಳಲಿಲ್ಲ. ಕುರಿಗಾಹಿಗಳನ್ನು ಕೇಳಿದ್ದರೆ ಐದು ನಿಮಿಷದಲ್ಲಿ ಹೇಳುತ್ತಿದ್ದರು. ಮದುವೆ ಕಾಲದಲ್ಲಿ ಕಲ್ಯಾಣ ಮಂಟಪದ ಎಂಜಲು, ಪಾಯಸ, ಕೊಳೆತ ಬಾಳೆಹಣ್ಣು ಎಲ್ಲವೂ ಅಲ್ಲಿಗೆ ಹೋಗತೊಡಗಿದವು. ಎರಡು ತಿಂಗಳೊಳಗೆ ಕರಡಿಗಳು ಪ್ರತಿರಾತ್ರಿಯೂ ಬರತೊಡಗಿದವು. ಮೂರನೆಯ ತಿಂಗಳು, ನಸುಕಿನಲ್ಲಿ ಬಹಿರ್ದೆಸೆಗೆಂದು ಆ ಕಡೆಗೆ ಹೋಗಿದ್ದ ಒಬ್ಬ ತಾಯಿಗೆ ಕಸದ ಗುಡ್ಡೆಯ ಹಿಂದಿನಿಂದ ಕರಡಿ ಎದುರಾಯಿತು. ಜೀವ ಉಳಿಯಿತು. ಒಂದು ಕಣ್ಣು ಉಳಿಯಲಿಲ್ಲ.

ಆಸ್ಪತ್ರೆಗೆ ಹೋಗಿ ನೋಡಿದಾಗ ಅವರು ಕರಡಿಯನ್ನು ಬೈಯಲಿಲ್ಲ. "ಕಸ ಅಲ್ಲೇ ಯಾಕ್ ಹಾಕ್ಸಿದ್ರಿ ಸಾರ್?" ಎಂದು ಕೇಳಿದರು. ಆ ಸ್ಥಳದ ಆಯ್ಕೆಯ ಕಡತದಲ್ಲಿ ಸಹಿ ನನ್ನದಿತ್ತು. ನಡಾವಳಿಯಲ್ಲಿ ಸದಸ್ಯರ ಸಹಿಗಳಿದ್ದವು. ಅರಣ್ಯ ಇಲಾಖೆಯ ಸಹಿ ಎಲ್ಲಿಯೂ ಇರಲಿಲ್ಲ.

ನಮ್ಮ ಭಾಗದ ಕರಡಿಯ ಸ್ವಭಾವವನ್ನು ಸ್ವಲ್ಪ ತಿಳಿದುಕೊಂಡರೆ ಮುಂದಿನ ಮಾತುಗಳು ಸುಲಭವಾಗುತ್ತವೆ. ಇದರ ಮುಖ್ಯ ಆಹಾರ ಗೆದ್ದಲು, ಇರುವೆ, ಜೇನು ಮತ್ತು ಹಣ್ಣುಗಳು. ಬಾರೆ, ತೂಬರೆ, ನೇರಳೆ, ಕವಳೆ, ಅತ್ತಿ, ಕಕ್ಕೆಕಾಯಿ, ಸೀತಾಫಲ ಇವೆಲ್ಲವೂ ಅದಕ್ಕೆ ಪ್ರಿಯ. ಮೇಲ್ದವಡೆಯ ಮುಂಭಾಗದ ನಡುವಿನ ಎರಡು ಹಲ್ಲುಗಳು ಅದಕ್ಕೆ ಇರುವುದಿಲ್ಲ. ಆ ಸಂದಿಯ ಮೂಲಕವೇ ಹುತ್ತದೊಳಗಿನ ಗೆದ್ದಲನ್ನು ಹೀರುತ್ತದೆ. ಹೀರುವ ಸದ್ದು ನೂರು ಮೀಟರಿಗೂ ಆಚೆ ಕೇಳುತ್ತದೆ. ಮೂಗು ಬಹಳ ಚುರುಕು, ಕಣ್ಣು ಮಂದ, ಕಿವಿಯೂ ಅಷ್ಟಕ್ಕಷ್ಟೇ. ಹಗಲಿನ ಬಿಸಿಲಿನಲ್ಲಿ ಬಂಡೆಗಳ ಸಂದಿಯಲ್ಲಿ ಮಲಗಿ, ಸಂಜೆಯಿಂದ ಬೆಳಗಿನವರೆಗೆ ಆಹಾರ ಹುಡುಕುತ್ತದೆ. ಚಳಿಗಾಲದಲ್ಲಿ ಗವಿಯೊಳಗೆ ಒಂದೆರಡು ಮರಿಗಳನ್ನು ಹಾಕುತ್ತದೆ. ಮರಿಗಳು ತಿಂಗಳುಗಟ್ಟಲೆ ತಾಯಿಯ ಬೆನ್ನಿನ ಮೇಲೆಯೇ ಸವಾರಿ ಮಾಡುತ್ತವೆ. ಮರಿ ಹೊತ್ತ ತಾಯಿಗಿಂತ ಅಪಾಯಕಾರಿಯಾದ ಪ್ರಾಣಿ ನಮ್ಮ ಕುರುಚಲು ಕಾಡಿನಲ್ಲಿ ಇಲ್ಲವೆಂದೇ ತಿಳಿಯಿರಿ.

ಈ ಪ್ರಾಣಿಗೆ ನಮ್ಮ ರಾಜ್ಯ ವಿಶೇಷ ಸ್ಥಾನ ನೀಡಿದೆ. 1994ರಲ್ಲಿ ಬಳ್ಳಾರಿ ಸೀಮೆಯ ಬಿಳಿಕಲ್ಲು ಮೀಸಲು ಅರಣ್ಯದ 5,587 ಹೆಕ್ಟೇರನ್ನು ದರೋಜಿ ಕರಡಿಧಾಮವೆಂದು ಘೋಷಿಸಲಾಯಿತು. 2009ರಲ್ಲಿ ಬುಕ್ಕಸಾಗರದ ಅರಣ್ಯವೂ ಅದಕ್ಕೆ ಸೇರಿತು. ಕೂಡ್ಲಿಗಿ ತಾಲ್ಲೂಕಿನ ಗುಡೇಕೋಟೆಯಲ್ಲಿ 2013ರಲ್ಲಿ ಮತ್ತೊಂದು ಕರಡಿಧಾಮವಾಯಿತು. ಆದರೆ ಕರಡಿಗೆ ಸರ್ವೆ ನಂಬರು ಗೊತ್ತಿಲ್ಲ. ಧಾಮದ ಗಡಿಯಾಚೆಯ ನೂರಾರು ಬಂಡೆಗುಡ್ಡಗಳಲ್ಲಿಯೂ ಅವು ಇವೆ. ಆ ಗುಡ್ಡಗಳ ಸುತ್ತ ಇರುವುದೇ ನಮ್ಮ ಪಂಚಾಯಿತಿಗಳು.

ದರೋಜಿಗೆ ಹೋದವರು ಅಲ್ಲಿಯ ವೀಕ್ಷಣಾ ಗೋಪುರದಿಂದ ಕರಡಿಗಳನ್ನು ನೋಡಿರಬಹುದು. ಮಧ್ಯಾಹ್ನ ಸಿಬ್ಬಂದಿ ಬಂಡೆಯ ಮೇಲೆ ಬೆಲ್ಲದ ಪಾಕ ಬಳಿದು ಬರುತ್ತಾರೆ. ಇಳಿಹೊತ್ತಿಗೆ ಕರಡಿಗಳು ಗವಿಗಳಿಂದ ಇಳಿದು ಬಂದು ನೆಕ್ಕುತ್ತವೆ. ಈ ಪದ್ಧತಿ ಸರಿಯೋ ತಪ್ಪೋ ಎಂಬ ಚರ್ಚೆ ನಮಗೆ ಬೇಡ. ಆದರೆ ಸ್ವಭಾವತಃ ನಾಚಿಕೆಯ ಪ್ರಾಣಿಯೊಂದು ಜನರ ಕಣ್ಣೆದುರಿಗೆ, ಬಯಲಿನಲ್ಲಿ, ದಿನವೂ ಅದೇ ಹೊತ್ತಿಗೆ ಬಂದು ನಿಲ್ಲುವಂತೆ ಸ್ವಲ್ಪ ಬೆಲ್ಲ ಮಾಡಬಲ್ಲದು ಎಂಬುದನ್ನು ಗಮನಿಸಿ. ಹಾಗಾದರೆ ಊರಂಚಿನಲ್ಲಿ ಸುರಿದ ಹೋಳಿಗೆ, ಪಾಯಸ, ಕಬ್ಬಿನ ಸಿಪ್ಪೆ ಏನು ಮಾಡುತ್ತವೆ? ನಾನು ಗುಡ್ಡದ ಬುಡದಲ್ಲಿ ಮಾಡಿದ್ದು ಗೊತ್ತಿಲ್ಲದೆಯೇ ಇನ್ನೊಂದು ದರೋಜಿ. ಗೋಪುರವೊಂದು ಇರಲಿಲ್ಲ ಅಷ್ಟೆ.

ಇಲ್ಲಿ ಒಂದು ಎಚ್ಚರಿಕೆ. ನಮ್ಮ ಯುವಕರು ಮೊಬೈಲಿನಲ್ಲಿ ಅಮೆರಿಕದ ಕಪ್ಪು ಕರಡಿಯ ವಿಡಿಯೊಗಳನ್ನು ನೋಡುತ್ತಾರೆ. ಮನೆಯೊಡತಿ ಚಪ್ಪಾಳೆ ತಟ್ಟಿ ಗದರಿದರೆ ಕರಡಿ ಅಂಗಳದಿಂದ ಓಡಿಹೋಗುತ್ತದೆ, ಇಲ್ಲವೇ ಮರ ಹತ್ತಿ ಕೂರುತ್ತದೆ. ಅದೂ ಕಪ್ಪು, ನಮ್ಮದೂ ಕಪ್ಪು, ಆದ್ದರಿಂದ ಉಪಾಯವೂ ಒಂದೇ ಎಂದು ಭಾವಿಸಬಾರದು. ಅದು ಬೇರೆ ಜಾತಿ, ಅದರ ಗುಣ ಬೇರೆ. ಅಮೆರಿಕದ ಕಪ್ಪು ಕರಡಿ ದಟ್ಟ ಕಾಡಿನಲ್ಲಿ ಬೆಳೆದ ಪ್ರಾಣಿ, ಹೆದರಿದರೆ ಮರವೇರುವುದು ಅದರ ರೂಢಿ. ನಮ್ಮದು ಹುಲಿ ಚಿರತೆಗಳ ನಡುವೆ ಬಯಲು ಕಾಡಿನಲ್ಲಿ ಬದುಕಿದ್ದು. ಹೆದರಿದಾಗ ಎದುರು ನಿಂತು ಮೇಲೆರಗುವುದೇ ಅದರ ರಕ್ಷಣೆಯ ವಿಧಾನವೆಂದು ತಜ್ಞರು ಹೇಳುತ್ತಾರೆ. ಆದ್ದರಿಂದ ಗದರಿಸಲು ಹತ್ತಿರ ಹೋಗುವುದು ಇಲ್ಲಿ ಸಲ್ಲದು. ಆದರೆ ಆ ದೇಶದಿಂದ ಕಲಿಯಬೇಕಾದ ಪಾಠವೂ ಇದೆ. ಅಲ್ಲಿಯ ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನದಲ್ಲಿ ದಶಕಗಳ ಕಾಲ ಕರಡಿಗಳು ಕಸದ ತಿಪ್ಪೆಗಳಲ್ಲಿ ತಿನ್ನುವುದನ್ನು ಪ್ರವಾಸಿಗರು ನೋಡಿ ಆನಂದಿಸುತ್ತಿದ್ದರು. ಜನರಿಗೆ ಗಾಯಗಳಾಗುತ್ತ ಹೋದವು. ಕೊನೆಗೆ 1970ರ ಸುಮಾರಿಗೆ ತಿಪ್ಪೆಗಳನ್ನೇ ಮುಚ್ಚಿದರು, ಕರಡಿ ತೆರೆಯಲಾಗದ ಚಿಲಕವಿರುವ ಕಸದ ತೊಟ್ಟಿಗಳನ್ನು ಇರಿಸಿದರು. ಕರಡಿ ಯಾವುದೇ ದೇಶದ್ದಿರಲಿ, ಮೂಗು ಒಂದೇ.

ಕರಡಿ ನಮ್ಮನ್ನು ತಿನ್ನಲು ಬರುವುದಿಲ್ಲ. ಹುತ್ತ ಹೀರುತ್ತಲೋ ಹಣ್ಣು ಹೆಕ್ಕುತ್ತಲೋ ಇರುವಾಗ ಮನುಷ್ಯ ಹತ್ತಿರ ಬಂದದ್ದು ಅದಕ್ಕೆ ತಿಳಿಯುವುದಿಲ್ಲ. ಹತ್ತಾರು ಹೆಜ್ಜೆಗಳ ಅಂತರದಲ್ಲಿ ದಿಢೀರನೆ ಕಂಡಾಗ ಗಾಬರಿಯಿಂದ ಮೇಲೆರಗುತ್ತದೆ. ಉದ್ದನೆಯ ಉಗುರುಗಳಿಂದ ಮುಖ, ತಲೆ, ಕತ್ತುಗಳಿಗೆ ಆಗುವ ಗಾಯ ಭೀಕರವಾದುದು. ಹೀಗಾಗಿ ರಕ್ಷಣೆಯ ಮೊದಲ ಸೂತ್ರ, ನಾವು ಬರುತ್ತಿರುವುದು ಅದಕ್ಕೆ ಮುಂಚಿತವಾಗಿ ಗೊತ್ತಾಗುವಂತೆ ಮಾಡುವುದು. ಒಬ್ಬರೇ ಹೋಗದೆ ಇಬ್ಬರು ಮೂವರು ಮಾತನಾಡುತ್ತ ಹೋಗುವುದು, ಕೋಲಿಗೆ ಗೆಜ್ಜೆಯನ್ನೋ ಗಂಟೆಯನ್ನೋ ಕಟ್ಟಿಕೊಳ್ಳುವುದು, ನಸುಕಿನಲ್ಲಿ ಟಾರ್ಚು ಹಿಡಿಯುವುದು. ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಹೊಲಕ್ಕೆ ಹೋಗುವ ಹುಡುಗರಿಗೆ ಇದನ್ನು ವಿಶೇಷವಾಗಿ ಹೇಳಬೇಕು. ಸೀತಾಫಲದ ಕಾಲದಲ್ಲಿ ಗುಡ್ಡಕ್ಕೆ ಹೋಗುವ ಹೆಣ್ಣುಮಕ್ಕಳಿಗೂ ಹೇಳಬೇಕು. ಅವರು ಹುಡುಕುವ ಹಣ್ಣನ್ನೇ ಕರಡಿಯೂ ಹುಡುಕುತ್ತಿರುತ್ತದೆ.

ದೂರದಲ್ಲಿ ಕಂಡರೆ ಅದರ ಮೇಲೆ ಕಣ್ಣಿಟ್ಟು, ಬೆನ್ನು ತೋರಿಸದೆ ನಿಧಾನವಾಗಿ ಹಿಂದೆ ಸರಿಯಬೇಕು. ಓಡಿದರೆ ಅದು ನಮಗಿಂತ ವೇಗವಾಗಿ ಓಡುತ್ತದೆ. ಮರ ಹತ್ತಿದರೆ ಜೇನಿಗಾಗಿ ಮರ ಹತ್ತುವ ಪ್ರಾಣಿ ಅದು ಎಂಬುದನ್ನು ನೆನಪಿಡಬೇಕು. ಮೇಲೆರಗಿಯೇ ಬಿಟ್ಟರೆ, ಬೋರಲಾಗಿ ಮಲಗಿ, ಮುಖವನ್ನು ನೆಲಕ್ಕೊತ್ತಿ, ಎರಡೂ ಕೈಗಳ ಬೆರಳುಗಳನ್ನು ಹೆಣೆದು ಕತ್ತಿನ ಹಿಂಭಾಗವನ್ನು ಮುಚ್ಚಿಕೊಂಡು, ಅದು ದೂರ ಹೋಗುವವರೆಗೆ ಅಲುಗಾಡದೆ ಇರಬೇಕು. ಹೇಳುವುದು ಸುಲಭ, ಆ ಕ್ಷಣದಲ್ಲಿ ಮಾಡುವುದು ಕಷ್ಟ ಎಂದು ನೀವು ಹೇಳಬಹುದು. ನಿಜ. ಆದ್ದರಿಂದಲೇ ಶಾಲೆಗಳಲ್ಲಿ ಮಕ್ಕಳಿಗೆ ಮಲಗಿಸಿಯೇ ತೋರಿಸಬೇಕೆಂದು ನಾನು ಒತ್ತಾಯಿಸುತ್ತೇನೆ. ಕಂಡುಬಿಟ್ಟದ್ದನ್ನು ದೇಹ ನೆನಪಿಟ್ಟುಕೊಳ್ಳುತ್ತದೆ.

ಇನ್ನು ಪಂಚಾಯಿತಿಯ ಕೆಲಸಗಳು. ನೈರ್ಮಲ್ಯ, ಬೀದಿದೀಪ, ಸಾರ್ವಜನಿಕ ಬಾವಿಗಳ ನಿರ್ವಹಣೆ ಇವು ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ, 1993ರ ಅಡಿ ನಮಗೆ ವಹಿಸಿರುವ ಪ್ರಕಾರ್ಯಗಳೇ. ಕರಡಿಗಾಗಿ ಹೊಸ ಅಧಿಕಾರವನ್ನು ಯಾರೂ ಕೊಡಬೇಕಾಗಿಲ್ಲ.

ಕಸದ ವಿಷಯವನ್ನು ಮೊದಲೇ ಹೇಳಿದ್ದೇನೆ. ನನ್ನ ತಪ್ಪಿನ ನಂತರ ನಾವು ಮಾಡಿದ್ದು ಇಷ್ಟು: ಹಸಿಕಸ ಗುಡ್ಡದ ಕಡೆಗೆ ಹೋಗುವುದನ್ನು ನಿಲ್ಲಿಸಿದೆವು. ಒಣಕಸದ ಘಟಕವನ್ನು ಮಾತ್ರ ಅಲ್ಲಿ ಉಳಿಸಿ, ಹಸಿಕಸಕ್ಕೆ ಊರಿನ ಇನ್ನೊಂದು ಮಗ್ಗುಲಲ್ಲಿ ಕಾಂಕ್ರೀಟಿನ ಗೊಬ್ಬರದ ತೊಟ್ಟಿಗಳನ್ನು ಕಟ್ಟಿ ಮೇಲೆ ಕಬ್ಬಿಣದ ಜಾಲರಿಯ ಮುಚ್ಚಳ ಹಾಕಿಸಿದೆವು. ಮೊದಲ ಮುಚ್ಚಳಕ್ಕೆ ಸಾದಾ ಅಗಳಿ ಇಟ್ಟಿದ್ದೆ. ಕರಡಿ ಅದನ್ನು ಉಗುರಿನಲ್ಲಿ ಎತ್ತಿ ತೆಗೆದುಬಿಟ್ಟಿತು. ಎಂಜಿನಿಯರಾಗಿ ನನಗೆ ಅಷ್ಟು ಅವಮಾನ ಯಾವ ಲೆಕ್ಕಪರಿಶೋಧನೆಯಲ್ಲಿಯೂ ಆಗಿಲ್ಲ. ಆಮೇಲೆ ಒಳಗೆ ಬೆರಳು ತೂರಿಸಿ ಒತ್ತಬೇಕಾದ ಚಿಲಕ ಮಾಡಿಸಿದೆ. ಕಲ್ಯಾಣ ಮಂಟಪಗಳಿಗೆ ನೋಟಿಸು ನೀಡಿ, ಸಮಾರಂಭದ ರಾತ್ರಿಯೇ ಎಂಜಲನ್ನು ಸಾಗಿಸುವುದನ್ನು ಕಡ್ಡಾಯ ಮಾಡಿದೆವು. ಕಸದ ವಾಹನ ಮರುದಿನ ಬೆಳಿಗ್ಗೆ ಬರುತ್ತದೆ ಎಂಬ ಉತ್ತರ ನಡೆಯುವುದಿಲ್ಲ, ಏಕೆಂದರೆ ಕರಡಿ ಅದಕ್ಕೂ ಮೊದಲೇ ಬರುತ್ತದೆ. ಗುಡಿಗಳ ವಿಷಯದಲ್ಲಿ ನೋಟಿಸು ಕೊಡಲು ಹೋಗಬೇಡಿ. ಅರ್ಚಕರ ಜೊತೆ ಕುಳಿತು ಮಾತನಾಡಿ. ರಾತ್ರಿ ಎಣ್ಣೆ, ಕಾಯಿ, ಬೆಲ್ಲವನ್ನು ಗಟ್ಟಿ ಬಾಗಿಲಿನ ಕಪಾಟಿನಲ್ಲಿ ಇಡುವುದಕ್ಕೆ ದೇವರ ಆಕ್ಷೇಪವಿರುವುದಿಲ್ಲ.

ಬಾವಿಗಳ ಬಗ್ಗೆ ನನಗೆ ಹೆಚ್ಚು ಆತಂಕ. ಕೊಳವೆಬಾವಿಗಳು ಬಂದ ಮೇಲೆ ತೆರೆದ ಬಾವಿಗಳು ಪಾಳುಬಿದ್ದಿವೆ. ಅವುಗಳಲ್ಲಿ ಬಹಳಷ್ಟಕ್ಕೆ ಕಟ್ಟೆ ಇಲ್ಲ, ಬಾಯಿ ನೆಲಮಟ್ಟದಲ್ಲಿದೆ, ಸುತ್ತ ಜಾಲಿ ಬೆಳೆದಿದೆ. ರಾತ್ರಿ ನಡೆಯುವ ಕರಡಿ ಅದರಲ್ಲಿ ಬೀಳುತ್ತದೆ, ಹಗಲು ಆಡುವ ಮಗುವೂ ಬೀಳುತ್ತದೆ. ಮೂರಡಿ ಎತ್ತರದ ಸೈಜುಗಲ್ಲಿನ ಕಟ್ಟೆಗೆ ಆಗುವ ಖರ್ಚು, ಬಾವಿಗೆ ಬಿದ್ದ ಪ್ರಾಣಿಯನ್ನು ಎತ್ತುವ ಒಂದು ದಿನದ ಗದ್ದಲಕ್ಕೆ ಹೋಲಿಸಿದರೆ ಏನೂ ಅಲ್ಲ. 2023ರ ಏಪ್ರಿಲ್‌ನಲ್ಲಿ ಕೇರಳದ ತಿರುವನಂತಪುರ ಜಿಲ್ಲೆಯ ವೆಳ್ಳನಾಡಿನಲ್ಲಿ ಕರಡಿಯೊಂದು ಮನೆಯ ಬಾವಿಗೆ ಬಿದ್ದಿತು. ಅರಿವಳಿಕೆ ಕೊಟ್ಟು ಎತ್ತಲು ಪ್ರಯತ್ನಿಸಿದಾಗ ಪ್ರಜ್ಞೆ ತಪ್ಪಿ ನೀರಿನಲ್ಲಿ ಮುಳುಗಿ ಸತ್ತುಹೋಯಿತು. ಪರಿಣತರ ಕೈಯಲ್ಲಿಯೇ ಹೀಗಾಗುತ್ತದೆಂದರೆ, ಹಗ್ಗ ಹಿಡಿದು ಬಾವಿಗಿಳಿಯುವ ನಮ್ಮ ಊರಿನ ಧೈರ್ಯವಂತರನ್ನು ತಡೆಯುವುದು ಸದಸ್ಯರ ಕರ್ತವ್ಯ. ಅರಣ್ಯ ಸಿಬ್ಬಂದಿ ಬರುವವರೆಗೆ ಜನರನ್ನು ದೂರವಿಡಿ. ಎಷ್ಟೋ ಬಾರಿ ಅವರು ಒಂದು ಏಣಿಯನ್ನೋ ಕೊಂಬೆಗಳಿರುವ ಮರದ ದಿಮ್ಮಿಯನ್ನೋ ಇಳಿಸಿ, ಎಲ್ಲರೂ ಹಿಂದೆ ಸರಿದರೆ ಕರಡಿ ತಾನೇ ಹತ್ತಿ ಹೋಗುತ್ತದೆ.

ಬೇಲಿಯ ವಿಷಯದಲ್ಲಿ ನೇರವಾಗಿಯೇ ಹೇಳುತ್ತೇನೆ, ಕೆಲವರಿಗೆ ಬೇಸರವಾದರೂ ಚಿಂತೆಯಿಲ್ಲ. ಮೆಕ್ಕೆಜೋಳ, ಕಲ್ಲಂಗಡಿ, ಪಪ್ಪಾಯಿ ತೋಟಗಳಿಗೆ ರೈತರು ಕಂಬದಿಂದ ನೇರವಾಗಿ ತಂತಿ ಎಳೆದು ವಿದ್ಯುತ್ ಹರಿಸುತ್ತಾರೆ. ಸೌರಬೇಲಿಗೂ ಇದಕ್ಕೂ ವ್ಯತ್ಯಾಸವೇನು, ಎರಡೂ ಕರೆಂಟೇ ಅಲ್ಲವೇ ಎಂದು ಸಾಮಾನ್ಯ ಸಭೆಯಲ್ಲಿಯೇ ನನ್ನನ್ನು ಕೇಳಿದ್ದಾರೆ. ಸೌರಬೇಲಿಯ ಯಂತ್ರ ಸೆಕೆಂಡಿಗೆ ಸುಮಾರು ಒಂದು ಬಾರಿಯಂತೆ, ಕಣ್ಣು ಮಿಟುಕಿಸುವುದಕ್ಕಿಂತ ಕಡಿಮೆ ಸಮಯದ ಹೊಡೆತವನ್ನು ಕಳುಹಿಸುತ್ತದೆ. ಎರಡು ಹೊಡೆತಗಳ ನಡುವೆ ತಂತಿ ಸತ್ತಿರುತ್ತದೆ, ಮುಟ್ಟಿದವರು ಕೈ ಬಿಡಿಸಿಕೊಳ್ಳಬಹುದು. ಕಂಬದ 230 ವೋಲ್ಟ್ ನಿರಂತರವಾಗಿ ಹರಿಯುತ್ತದೆ. ಸ್ನಾಯುಗಳು ಬಿಗಿದು ಹಿಡಿದದ್ದು ಬಿಡುವುದಿಲ್ಲ, ಹೃದಯ ನಿಲ್ಲುತ್ತದೆ. ಆ ತಂತಿಗೆ ಕರಡಿ, ಹಂದಿ, ನೀರು ಕಟ್ಟಲು ಹೋದ ಸ್ವಂತ ಮಗ ಎಂಬ ಭೇದವಿಲ್ಲ. ಹಂದಿಗೆಂದು ಬ್ರೇಕ್ ತಂತಿಯಿಂದ ಹಾಕುವ ಉರುಳುಗಳಲ್ಲಿಯೂ ಕರಡಿಗಳು ಸಿಕ್ಕಿಕೊಳ್ಳುತ್ತವೆ. ಉರುಳಿನಿಂದ ಅರ್ಧ ಬಿಡಿಸಿಕೊಂಡ ಗಾಯಾಳು ಕರಡಿ ಮರುದಿನ ಯಾರಿಗೆ ಎದುರಾಗುತ್ತದೆಂದು ಹೇಳಲಾಗದು. ವನ್ಯಜೀವಿ ಸಂರಕ್ಷಣಾ ಕಾಯ್ದೆ, 1972ರ ಮೊದಲ ಅನುಸೂಚಿಯಲ್ಲಿರುವ ಪ್ರಾಣಿ ಇದು. ಕೊಂದರೆ ಕನಿಷ್ಠ ಶಿಕ್ಷೆಯೇ ವರ್ಷಗಳ ಲೆಕ್ಕದಲ್ಲಿರುತ್ತದೆ. ನಮ್ಮ ರೈತ ಜೈಲಿಗೆ ಹೋದಮೇಲೆ ಜಾಮೀನಿಗೆ ಓಡಾಡುವುದಕ್ಕಿಂತ, ಸೌರಬೇಲಿಗೆ ಸಹಾಯಧನದ ಅರ್ಜಿಯನ್ನು ಬರೆದುಕೊಡುವುದು ಸದಸ್ಯರಿಗೆ ಸುಲಭ.

ಶೌಚಾಲಯದ ಮಾತನ್ನು ಇಲ್ಲಿ ಎತ್ತಿದರೆ ಅಂಕಿಅಂಶಗಳಲ್ಲಿ ಎಲ್ಲವೂ ಪೂರ್ಣಗೊಂಡಿದೆ ಎಂಬ ಉತ್ತರ ಬರುತ್ತದೆ. ಕಟ್ಟಡ ಪೂರ್ಣವಾಗಿದೆ, ನೀರು ಇಲ್ಲ. ಸೌದೆ ತುಂಬಿದ ಶೌಚಾಲಯಗಳನ್ನು ನಾನೂ ನೀವೂ ನೋಡಿದ್ದೇವೆ. ಗುಡ್ಡದ ಅಂಚಿನ ಕೇರಿಗಳಿಗೆ ನಲ್ಲಿ ಸಂಪರ್ಕವನ್ನು ಮೊದಲು ಕೊಡಿ, ಬೀದಿದೀಪವನ್ನೂ ಅಲ್ಲಿಂದಲೇ ಆರಂಭಿಸಿ. ಸಾಮಾನ್ಯವಾಗಿ ನಾವು ದೀಪವನ್ನು ಮುಖ್ಯ ವೃತ್ತದಿಂದ ಹಾಕುತ್ತ ಹೋಗುತ್ತೇವೆ, ಕೊನೆಯ ಕೇರಿಗೆ ಬರುವಷ್ಟರಲ್ಲಿ ಅನುದಾನ ಮುಗಿದಿರುತ್ತದೆ. ಆ ಕೊನೆಯ ಕೇರಿ ಯಾರದೆಂಬುದು ನಿಮಗೆಲ್ಲ ಗೊತ್ತು. ಉದ್ಯೋಗ ಖಾತರಿ ಕೆಲಸದ ವೇಳೆಯ ಬಗ್ಗೆಯೂ ಯೋಚಿಸಬೇಕು. ಬೇಸಿಗೆಯಲ್ಲಿ ಬಿಸಿಲು ತಪ್ಪಿಸಲು ಕತ್ತಲಲ್ಲೇ ಹೊರಡುತ್ತಾರೆ. ಗುಡ್ಡದ ಬುಡದ ಕಾಮಗಾರಿಗೆ ಬೆಳಕು ಹರಿದ ಮೇಲೆ ಗುಂಪಾಗಿ ಹೊರಡುವಂತೆ ಕಾಯಕ ಬಂಧುಗಳಿಗೆ ಸೂಚಿಸಿ.

ಊರೊಳಗೆ ಕರಡಿ ಹೊಕ್ಕಾಗ ಅಪಾಯ ಹೆಚ್ಚಿಸುವುದು ಜನಸಂದಣಿ. ನಾಲ್ಕೂ ದಿಕ್ಕಿನಿಂದ ಕೂಗು, ಕಲ್ಲು, ಪಟಾಕಿ, ಮೊಬೈಲು. ಕರಡಿಗೆ ಹೋಗಲು ದಾರಿಯೇ ಉಳಿಯದಿದ್ದಾಗ ಅದು ಮನುಷ್ಯರ ನಡುವಿನಿಂದಲೇ ದಾರಿ ಮಾಡಿಕೊಳ್ಳುತ್ತದೆ. ಅರಣ್ಯ ಸಹಾಯವಾಣಿ 1926ಕ್ಕೆ ಅಥವಾ ವಲಯ ಕಚೇರಿಗೆ ಕರೆ ಮಾಡಿ, ಪೊಲೀಸರಿಗೆ 112ರ ಮೂಲಕ ತಿಳಿಸಿ. ಧ್ವನಿವರ್ಧಕದಲ್ಲಿ ಜನರಿಗೆ ಮನೆಯೊಳಗಿರಲು ಹೇಳಿ, ನಾಯಿಗಳನ್ನು ಕಟ್ಟಿಸಿ, ಗುಡ್ಡದ ಕಡೆಯ ದಾರಿಯನ್ನು ಖಾಲಿ ಬಿಡಿ. ಕತ್ತಲಾದರೆ ಹೆಚ್ಚಿನ ಸಂದರ್ಭಗಳಲ್ಲಿ ಅದು ತಾನೇ ಹೊರಟುಹೋಗುತ್ತದೆ. ಇಲ್ಲಿ ಜನ ಕೇಳುವುದು ಅಧಿಕಾರಿಯ ಮಾತನ್ನಲ್ಲ. ವಾರ್ಡಿನ ಸದಸ್ಯರು ಹೆಸರು ಹಿಡಿದು ಕೂಗಿದರೆ ಹುಡುಗರು ಹಿಂದೆ ಸರಿಯುತ್ತಾರೆ.

ಯಾರಿಗಾದರೂ ಗಾಯವಾದರೆ ಶುಭ್ರ ಬಟ್ಟೆಯಿಂದ ಒತ್ತಿಹಿಡಿದು ರಕ್ತ ನಿಲ್ಲಿಸಬೇಕು. ಮುಖಕ್ಕೆ ಗಾಯವಾಗಿದ್ದರೆ ಅಂಗಾತ ಮಲಗಿಸದೆ ಪಕ್ಕಕ್ಕೆ ಹೊರಳಿಸಬೇಕು, ಇಲ್ಲವಾದರೆ ರಕ್ತ ಉಸಿರಿನ ನಾಳಕ್ಕೆ ಇಳಿಯುತ್ತದೆ. ಅರಿಸಿನ, ಕಾಫಿಪುಡಿ ಹಚ್ಚಬಾರದು. 108ಕ್ಕೆ ಕರೆ ಮಾಡಿ, ಆಸ್ಪತ್ರೆಯಲ್ಲಿ ಧನುರ್ವಾಯು ಮತ್ತು ರೇಬಿಸ್ ಚುಚ್ಚುಮದ್ದುಗಳ ಬಗ್ಗೆ ಕೇಳಿ. ನಾಯಿ ಕಚ್ಚಿದರೆ ಮಾತ್ರ ರೇಬಿಸ್ ಎಂಬ ತಪ್ಪು ತಿಳಿವಳಿಕೆ ಇನ್ನೂ ಇದೆ. ಪರಿಹಾರದ ಮೊತ್ತವನ್ನು ಸರ್ಕಾರ ಕಾಲಕಾಲಕ್ಕೆ ಪರಿಷ್ಕರಿಸುತ್ತದೆ, ಪ್ರಚಲಿತ ಆದೇಶದ ಪ್ರತಿಯನ್ನು ವಲಯ ಅರಣ್ಯಾಧಿಕಾರಿಗಳ ಕಚೇರಿಯಿಂದ ತರಿಸಿ ಪಂಚಾಯಿತಿಯ ಸೂಚನಾ ಫಲಕಕ್ಕೆ ಹಾಕಿ. ವೈದ್ಯಕೀಯ ದಾಖಲೆಗಳು, ಬೆಳೆ ಹಾನಿಯಾದರೆ ಪಹಣಿ ಮತ್ತು ಫೋಟೊ, ಬ್ಯಾಂಕ್ ಖಾತೆಯ ವಿವರ ಇವುಗಳನ್ನು ತಡಮಾಡದೆ ಸಲ್ಲಿಸಬೇಕು. ನಾನು ಹೇಳಿದ ಆ ತಾಯಿಯ ಅರ್ಜಿ ಎರಡು ಬಾರಿ ಹಿಂತಿರುಗಿತು. ಒಮ್ಮೆ ದಾಖಲೆಯಲ್ಲಿ ಹೆಸರಿನ ಅಕ್ಷರ ವ್ಯತ್ಯಾಸ, ಇನ್ನೊಮ್ಮೆ ಬ್ಯಾಂಕ್ ಖಾತೆ ನಿಷ್ಕ್ರಿಯ. ಮೂರನೆಯ ಬಾರಿ ಅಲ್ಲಿಯ ಮಹಿಳಾ ಸದಸ್ಯರೊಬ್ಬರು ಜೊತೆಯಲ್ಲಿ ಹೋಗಿ ಎಲ್ಲವನ್ನೂ ಸರಿಪಡಿಸಿಕೊಟ್ಟರು. ಆಮೇಲೆ ಹಣ ಬಂತು.

ನಿಮ್ಮ ಕೈಗೆ ಒಂದು ಪುಟದ ನಮೂನೆಯನ್ನು ಕೊಡಲಾಗಿದೆ. ಅದರಲ್ಲಿ ನಾಲ್ಕು ಅಂಕಣಗಳಿವೆ: ನಿಮ್ಮ ವಾರ್ಡಿನಲ್ಲಿ ಕಟ್ಟೆಯಿಲ್ಲದ ಬಾವಿಗಳು, ಹಸಿಕಸ ಸುರಿಯುವ ಜಾಗಗಳು, ದೀಪವಿಲ್ಲದ ಗುಡ್ಡದಂಚಿನ ಮನೆಗಳು, ಕರಡಿ ಓಡಾಡುವ ದಾರಿ. ಮೊದಲ ಮೂರನ್ನು ನೀವೇ ಬರೆಯಬಲ್ಲಿರಿ. ನಾಲ್ಕನೆಯದನ್ನು ಕುರಿಗಾಹಿಗಳನ್ನೂ ಸೌದೆ ತರುವ ಹೆಣ್ಣುಮಕ್ಕಳನ್ನೂ ಕೇಳಿ ಬರೆಯಿರಿ. ನಿಮ್ಮ ಜೀವವೈವಿಧ್ಯ ನಿರ್ವಹಣಾ ಸಮಿತಿ ಕಾಗದದ ಮೇಲೆ ಮಾತ್ರ ಇದ್ದರೆ, ಈ ಕೆಲಸಕ್ಕಾಗಿಯಾದರೂ ಒಮ್ಮೆ ಅದರ ಸಭೆ ಕರೆಯಿರಿ. ಮುಂದಿನ ಸಾಮಾನ್ಯ ಸಭೆಯ ವಿಷಯ ಸೂಚಿಯಲ್ಲಿ ಇದನ್ನು ಸೇರಿಸಿದರೆ ಕ್ರಿಯಾ ಯೋಜನೆಗೆ ತರಲು ಕಾಲಾವಕಾಶ ಸಿಗುತ್ತದೆ. ಕಸದ ತೊಟ್ಟಿಯ ಚಿಲಕದ ನಕ್ಷೆ ಬೇಕಾದವರು ಚಹಾ ವಿರಾಮದಲ್ಲಿ ನನ್ನಿಂದ ಪಡೆಯಬಹುದು, ಇಪ್ಪತ್ತು ಪ್ರತಿಗಳನ್ನು ತಂದಿದ್ದೇನೆ. ಈಗ ಪ್ರಶ್ನೆಗಳಿದ್ದರೆ ಕೇಳಿ.